ಮೇಲ್ಮನೆಯ ಮೆಟ್ಟಿಲು

ಎಲೆಕ್ಷನ್ನಿನಲ್ಲಿ ಸೋತವರನ್ನು ಸಮಾಧಾನ ಮಾಡೋದಕ್ಕೆ ನಮ್ಮ ಕಡೆ ಒಂದು ಮಾತಿದೆ. ‘ಹೋಗ್ಲಿ ಬಿಡಣ್ಣ, ಎಮ್ಮೆಲ್ಸಿ ಮಾಡ್ತಾರೆ.’ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ, ಎಲ್ಲಿ ಬೇಕಾದರೂ ಹೋಗಿ ಕೇಳಿ, ಈ ಮಾತು ಕಿವಿಗೆ ಬೀಳದೆ ಇರೋದಿಲ್ಲ. ಆದರೆ ಎಮ್ಮೆಲ್ಸಿ ಅಂದರೇನು, ಅವರನ್ನು ಯಾರು ಆರಿಸ್ತಾರೆ, ಅವರ ಕೆಲಸ ಏನು ಅಂತ ಅದೇ ಬಾಯಿಗೆ ಕೇಳಿ ನೋಡಿ. ‘ಅದೇ, ಎಮ್ಮೆಲ್ಲೆ ಥರಾನೇ’ ಅಂತ ಮಾತು ಮುಗಿದುಹೋಗುತ್ತೆ.

ಜನಕ್ಕೆ ಗೊತ್ತಿಲ್ಲ ಅನ್ನೋದು ಜನರ ತಪ್ಪಲ್ಲ. ಆ ಮನೆಯನ್ನು ಕಟ್ಟಿರೋ ರೀತಿಯೇ ಹಾಗಿದೆ. ಕರ್ನಾಟಕದ ವಿಧಾನ ಪರಿಷತ್ತಿನಲ್ಲಿ 75 ಸೀಟು. ಇದರಲ್ಲಿ 25 ಮಂದಿಯನ್ನು ಎಮ್ಮೆಲ್ಲೆಗಳು ಆರಿಸ್ತಾರೆ. ಇನ್ನು 25 ಮಂದಿಯನ್ನು ಪಂಚಾಯ್ತಿ, ಪುರಸಭೆ, ನಗರಸಭೆಗಳ ಸದಸ್ಯರು ಆರಿಸ್ತಾರೆ. 7 ಮಂದಿ ಪದವೀಧರರಿಂದ, 7 ಮಂದಿ ಶಿಕ್ಷಕರಿಂದ. ಉಳಿದ 11 ಮಂದಿಯನ್ನು ಯಾರೂ ಆರಿಸೋದಿಲ್ಲ, ರಾಜ್ಯಪಾಲರು ನಾಮಕರಣ ಮಾಡ್ತಾರೆ. ಸಾಹಿತ್ಯ, ವಿಜ್ಞಾನ, ಕಲೆ, ಸಹಕಾರ ಚಳವಳಿ, ಸಮಾಜಸೇವೆ, ಈ ಐದರಲ್ಲಿ ಯಾವುದಾದರೂ ಒಂದರಲ್ಲಿ ವಿಶೇಷ ಜ್ಞಾನವೋ ಅನುಭವವೋ ಇದ್ದವರನ್ನು ತೆಗೆದುಕೊಳ್ಳಬೇಕು ಅಂತ ಸಂವಿಧಾನದ 171ನೇ ವಿಧಿ ಹೇಳುತ್ತೆ. ರಾಜ್ಯಪಾಲರು ಅಂತ ಹೆಸರಿಗೆ. ಪಟ್ಟಿ ತಯಾರಾಗೋದು ಮುಖ್ಯಮಂತ್ರಿಗಳ ಮನೆಯಲ್ಲಿ ಅಂತ ಎಲ್ಲರಿಗೂ ಗೊತ್ತು.

ಒಂದೇ ಮನೆಯಲ್ಲಿ ಈ ಲೆಕ್ಕ ಹೇಗೆ ಕೆಲಸ ಮಾಡುತ್ತೆ ನೋಡೋಣ. ಉದಾಹರಣೆಗೆ ನಮ್ಮದೇ ಮನೆ. ನನ್ನ ತವರು ಚನ್ನಪಟ್ಟಣ ತಾಲ್ಲೂಕಿನ ಒಂದು ಹಳ್ಳಿ. ಅಪ್ಪ ಎರಡು ಎಕರೆ ಹಿಪ್ಪುನೇರಳೆ ಇಟ್ಟುಕೊಂಡು ರೇಷ್ಮೆ ಹುಳ ಸಾಕುವ ರೈತ. ಅತ್ತಿಗೆ ಗ್ರಾಮ ಪಂಚಾಯ್ತಿ ಮೆಂಬರು, 2020ರ ಡಿಸೆಂಬರಿನಲ್ಲಿ ಗೆದ್ದವಳು. ನಾನು ಮದುವೆಯಾಗಿ ರಾಮನಗರಕ್ಕೆ ಬಂದೆ. ಡಿಗ್ರಿ ಆಗಿದೆ, ಒಂದು ಖಾಸಗಿ ಶಾಲೆಯಲ್ಲಿ ಐದನೇ ಕ್ಲಾಸಿನ ಮಿಸ್ಸು. ಅಣ್ಣ ಪಿಯುಸಿಗೆ ನಿಲ್ಲಿಸಿ ಗೂಡಿನ ಮಾರ್ಕೆಟ್ಟು, ತೋಟ ಅಂತ ಓಡಾಡಿಕೊಂಡಿದ್ದಾನೆ.

ಈಗ ಎಣಿಸಿ. ಪಂಚಾಯ್ತಿ ಮೆಂಬರಾದ್ದರಿಂದ ಅತ್ತಿಗೆಗೆ ಒಂದು ಓಟು. ಪದವೀಧರೆ ಆದ್ದರಿಂದ ನನಗೊಂದು ಓಟು. ಅಣ್ಣನಿಗೆ ಇಲ್ಲ. ನಲವತ್ತು ವರ್ಷ ಹುಳಕ್ಕೆ ಸೊಪ್ಪು ಹಾಕಿ ನಮ್ಮನ್ನೆಲ್ಲ ಸಾಕಿದ ಅಪ್ಪನಿಗೆ ಇಲ್ಲ. ಹೋದ ಯುಗಾದಿಗೆ ಊರಿಗೆ ಹೋದಾಗ ಈ ಲೆಕ್ಕ ಹೇಳಿದೆ. ಅಪ್ಪ ಬಾಯಲ್ಲಿದ್ದ ಎಲೆಯಡಿಕೆ ಒಂದು ಕಡೆಗೆ ಒತ್ತಿಕೊಂಡು, ‘ಅಲ್ಲಾ ಕಣವ್ವ, ಕಾನೂನು ಮಾಡೋ ಮನೆ ತಾನೆ ಅದು? ಮಾಡಿದ ಕಾನೂನು ನಂಗೂ ಬತ್ತದೆ ತಾನೆ?’ ಅಂದರು.

ಬರುತ್ತೆ. ಆ ಕಥೆ ಮುಂದೆ ಹೇಳ್ತೀನಿ.

ಮೊದಲು ಈ ಪದವೀಧರರ ವಿಚಾರ. ಸಂವಿಧಾನ ಬರೆಯುವಾಗ ದೇಶದಲ್ಲಿ ಓದು ಬರಹ ಬಲ್ಲವರೇ ಕಮ್ಮಿ. 1951ರ ಜನಗಣತಿಯಲ್ಲಿ ಸಾಕ್ಷರರು ಶೇಕಡಾ 18ರಷ್ಟು. ಅಂಥಾ ಕಾಲದಲ್ಲಿ ಒಂದು ತಾಲ್ಲೂಕಿಗೆ ಹುಡುಕಿದರೆ ಎಷ್ಟು ಬಿಎ ಸಿಗುತ್ತಿದ್ದರು? ಓದಿದವರು ನಾಲ್ಕು ಜನ ಸದನದಲ್ಲಿ ಕೂತು ಯೋಚನೆ ಮಾಡಲಿ ಅನ್ನೋದಕ್ಕೆ ಅರ್ಥ ಇತ್ತು. ಈಗ ನಮ್ಮ ಬೀದಿಯಲ್ಲಿ ಮೂರು ಮನೆಗೊಂದು ಡಿಗ್ರಿ ಇದೆ. ಆ ಡಿಗ್ರಿ ಇಟ್ಟುಕೊಂಡು ಬಿಡದಿ ಫ್ಯಾಕ್ಟರಿಗೆ ಶಿಫ್ಟಿಗೆ ಹೋಗೋ ಹುಡುಗನ ತಲೆಗೂ, ಡಿಗ್ರಿ ಇಲ್ಲದೆ ಅದೇ ಬಸ್ಸಲ್ಲಿ ಹೋಗೋ ಅವನ ತಮ್ಮನ ತಲೆಗೂ ಅಂಥಾ ವ್ಯತ್ಯಾಸ ಏನಿದೆ? ಒಬ್ಬನಿಗೆ ಮೇಲ್ಮನೆಯ ಓಟು ಉಂಟು, ಇನ್ನೊಬ್ಬನಿಗಿಲ್ಲ.

ಇದ್ದವರಿಗಾದರೂ ಸಲೀಸಾಗಿ ಸಿಗುತ್ತಾ ಅಂದರೆ ಅದೂ ಇಲ್ಲ. ಮಾಮೂಲಿ ಓಟರ್ ಲಿಸ್ಟಿನ ಥರ ಒಂದು ಸಲ ಹೆಸರು ಸೇರಿಸಿದರೆ ಮುಗೀತು ಅಂತಲ್ಲ ಇದು. ಪ್ರತಿ ಚುನಾವಣೆಗೂ ಪಟ್ಟಿಯನ್ನು ಹೊಸದಾಗಿ ಮಾಡ್ತಾರೆ. ಪದವಿ ಮುಗಿದು ಮೂರು ವರ್ಷ ಆಗಿರಬೇಕು, ನಮೂನೆ 18 ತುಂಬಬೇಕು, ಸರ್ಟಿಫಿಕೇಟಿಗೆ ಸಹಿ ಹಾಕಿಸಬೇಕು. ಮೊದಲ ಸಲ ನಾನು ಅರ್ಜಿ ಹಾಕಿದಾಗ ಒಂದು ಕಚೇರಿಯಲ್ಲಿ ಅದನ್ನು ವಾಪಸ್ ಕೊಟ್ಟರು. ಡಿಗ್ರಿ ಸರ್ಟಿಫಿಕೇಟಿನಲ್ಲಿ ನನ್ನ ಹೆಸರಿನ ಹಿಂದೆ ಅಪ್ಪನ ಇನಿಷಿಯಲ್ಲು, ಆಧಾರಿನಲ್ಲಿ ಗಂಡನ ಹೆಸರು. ‘ಇಬ್ಬರೂ ಒಬ್ಬರೇ ಅಂತ ಅಫಿಡವಿಟ್ ತನ್ನಿ’ ಅಂದರು. ನನ್ನ ಹಿಂದೆ ನಿಂತಿದ್ದ ಇನ್ನೂ ಮೂವರು ಹೆಂಗಸರಿಗೂ ಅದೇ ಮಾತು. ಗಂಡಸರ ಅರ್ಜಿಗೆ ಸೀಲು ಬೀಳ್ತಾ ಇತ್ತು. ಮದುವೆಯಾದರೆ ಹೆಸರು ಬದಲಾಗೋದು ಯಾರದ್ದು ಅಂತ ನಿಮಗೇ ಗೊತ್ತಲ್ಲ. ನೂರು ರೂಪಾಯಿ ಓಟಿಗೆ ಐನೂರು ರೂಪಾಯಿ ನೋಟರಿ ಅಂತ ನಗಾಡಿಕೊಂಡು ಮೂವರೂ ಮನೆಗೆ ಹೋದರು.

ಮುಂದಿನ ಸಲ, 2024ರ ಜೂನ್ 3ರಂದು, ಬೆಂಗಳೂರು ಪದವೀಧರ ಕ್ಷೇತ್ರಕ್ಕೆ ನಾನು ಓಟು ಹಾಕಿದೆ. ಬೆಂಗಳೂರು ಕ್ಷೇತ್ರ ಅಂದರೆ ನಮ್ಮ ಜಿಲ್ಲೆಯೂ ಅದರಲ್ಲೇ ಸೇರಿದೆ. ಮಿಷನ್ ಇಲ್ಲ, ದೊಡ್ಡ ಕಾಗದ. ಅವರೇ ಕೊಡೋ ನೇರಳೆ ಬಣ್ಣದ ಪೆನ್ನಿನಲ್ಲಿ 1, 2, 3 ಅಂತ ನಮ್ಮ ಇಷ್ಟದ ಕ್ರಮದಲ್ಲಿ ನಂಬರು ಹಾಕಬೇಕು. ಯಾರಿಗೂ ಅರ್ಧಕ್ಕಿಂತ ಹೆಚ್ಚು ಸಿಗದಿದ್ದರೆ ಕೊನೆಯಲ್ಲಿರುವವರನ್ನು ತೆಗೆದು ಅವರ ಎರಡನೇ ಓಟನ್ನು ಬೇರೆಯವರಿಗೆ ಹಂಚ್ತಾರೆ. ಪದ್ಧತಿ ಚೆನ್ನಾಗಿದೆ, ಸುಳ್ಳು ಹೇಳಬಾರದು. ಒಬ್ಬರು ಬೇಡ ಅಂತ ಇನ್ನೊಬ್ಬರಿಗೆ ಒತ್ತೋದಕ್ಕಿಂತ, ‘ಇವರು ಮೊದಲು, ಇವರಿಲ್ಲದಿದ್ದರೆ ಇವರು’ ಅಂತ ಹೇಳೋಕೆ ಅವಕಾಶ ಇರೋ ಓಟು ನನ್ನ ಜೀವನದಲ್ಲಿ ಅದೊಂದೇ.

ಶಿಕ್ಷಕರ ಕ್ಷೇತ್ರದ ಕಥೆ ಇದಕ್ಕಿಂತ ಚೆಂದ. ಪ್ರೌಢಶಾಲೆಗಿಂತ ಕೆಳಗಿನವರು ಅಲ್ಲಿ ಶಿಕ್ಷಕರಲ್ಲ. ನಮ್ಮ ಶಾಲೆಯಲ್ಲಿ ಕೆಳಗಡೆ ಪ್ರೈಮರಿ, ಮೇಲಿನ ಮಹಡಿಯಲ್ಲಿ ಹೈಸ್ಕೂಲು. ಚುನಾವಣೆ ಹತ್ತಿರ ಬಂದಾಗ ಯಾರೋ ನಮೂನೆ 19ರ ಕಟ್ಟು ತಂದು ಕೊಡ್ತಾರೆ, ಅದು ಸೀದಾ ಮಹಡಿ ಹತ್ತುತ್ತೆ. ನಾವು ಕೆಳಗಿನವರು ಮಗ್ಗಿ, ಕಾಗುಣಿತ, ಮೂಗು ಒರೆಸೋದು ಇಷ್ಟರಲ್ಲೇ ಇರ್ತೀವಿ. ನಮ್ಮ ಜೊತೆ ಇದ್ದ ಒಬ್ಬ ಹಿರಿಯ ಮಿಸ್ಸು ಮೂವತ್ತೆರಡು ವರ್ಷ ಒಂದನೇ ಕ್ಲಾಸಿಗೆ ಅಕ್ಷರ ಕಲಿಸಿ ರಿಟೈರಾದರು. ಮೇಲಿನ ಮಹಡಿಯ ಮೇಷ್ಟ್ರುಗಳಲ್ಲಿ ಇಬ್ಬರು ಅವರ ಹತ್ತಿರವೇ ಅ ಆ ಕಲಿತವರು. ಶಿಷ್ಯರಿಗೆ ಶಿಕ್ಷಕರ ಓಟು ಇದೆ, ಗುರುವಿಗಿಲ್ಲ. ಆಕೆ ನಗ್ತಾ, ‘ಮೇಲ್ಮನೆ ಅಂದ್ರೆ ಮೇಲಿನ ಮಹಡಿ ಇರಬೇಕು ಬಿಡಮ್ಮ’ ಅಂದಿದ್ದರು.

ಹಾಗಂತ ಶಿಕ್ಷಕರ ಕ್ಷೇತ್ರದಿಂದ ಏನೂ ಬಂದಿಲ್ಲ ಅನ್ನೋ ಹಾಗಿಲ್ಲ. ಬಸವರಾಜ ಹೊರಟ್ಟಿಯವರು 1980ರಿಂದ ಪಶ್ಚಿಮ ಶಿಕ್ಷಕರ ಕ್ಷೇತ್ರದಲ್ಲಿ ಗೆಲ್ಲುತ್ತಾ ಬಂದು, 2022ರಲ್ಲಿ ಎಂಟನೇ ಸಲ ಆರಿಸಿ ಬಂದರು. ಹೈಸ್ಕೂಲಿನ ದೈಹಿಕ ಶಿಕ್ಷಕರೊಬ್ಬರು ಸಭಾಪತಿಯ ಪೀಠದವರೆಗೆ ಹೋದದ್ದು ಈ ಮೆಟ್ಟಿಲು ಹತ್ತಿಯೇ. ಮೆಟ್ಟಿಲು ಬೇಡ ಅಂತ ನಾನು ಹೇಳ್ತಿಲ್ಲ, ಅದು ಅರ್ಧ ಮಹಡಿಗೆ ಮಾತ್ರ ಇದೆ ಅಂತಿದ್ದೀನಿ.

ಇನ್ನು ಅತ್ತಿಗೆಯ ಓಟು. 2021ರ ಡಿಸೆಂಬರ್ 10. ಸ್ಥಳೀಯ ಸಂಸ್ಥೆಗಳ 25 ಸೀಟಿಗೆ ರಾಜ್ಯಾದ್ಯಂತ ಒಂದೇ ದಿನ ಮತದಾನ. ಮೆಂಬರಾಗಿ ಒಂದು ವರ್ಷ ಆಗಿತ್ತಷ್ಟೆ. ಆ ಒಂದು ತಿಂಗಳು ಅವಳಿಗೆ ಬಂದ ಫೋನು, ಅವಳನ್ನು ‘ಮೇಡಂ’ ಅಂದವರು, ಊಟಕ್ಕೆ ಕರೆದವರು, ಲೆಕ್ಕವಿಲ್ಲ. ಯಾವ ಪಕ್ಷ, ಯಾರು ಅನ್ನೋದೆಲ್ಲ ಬೇಡ. ಅವಳು ಎಲ್ಲರಿಗೂ ಒಂದೇ ಪ್ರಶ್ನೆ ಕೇಳ್ತಿದ್ದಳು. ‘ನೀವು ಗೆದ್ದರೆ ನಮ್ಮ ಪಂಚಾಯ್ತಿಗೆ ಅಲ್ಲಿ ಏನ್ ಮಾತಾಡ್ತೀರಾ?’ ಕುಡಿಯೋ ನೀರಿನ ಘಟಕ ಕೆಟ್ಟು ಆರು ತಿಂಗಳಾಗಿತ್ತು, ನರೇಗಾ ಕೂಲಿ ನಿಂತಿತ್ತು, ಬಿಲ್ ಕಲೆಕ್ಟರಿಗೆ ಸಂಬಳ ಇರಲಿಲ್ಲ. ಒಬ್ಬರಾದರೂ ಆ ಪ್ರಶ್ನೆಗೆ ಉತ್ತರ ಕೊಡಲಿಲ್ಲವಂತೆ. ‘ಎಲ್ಲಾ ಮಾಡೋಣ ಮೇಡಂ’ ಅಂದರಂತೆ. ಪಂಚಾಯ್ತಿಯ ದನಿ ವಿಧಾನಸೌಧದಲ್ಲಿ ಕೇಳಲಿ ಅಂತ ತಾನೇ ಮೂರನೇ ಒಂದು ಭಾಗ ಸೀಟು ಇಟ್ಟಿದ್ದು? ಗ್ರಾಮ ಪಂಚಾಯ್ತಿಯ ಲೆಕ್ಕಪತ್ರ ಅರ್ಥ ಆಗೋ ಒಬ್ಬ ಮಾಜಿ ಅಧ್ಯಕ್ಷೆ ಅಲ್ಲಿ ಕೂತರೆ ಹೇಗಿರುತ್ತೆ ಯೋಚಿಸಿ.

ಇನ್ನೊಂದು ಸಂಗತಿ ಗಮನಿಸಿದಿರಾ? ಆ ಡಿಸೆಂಬರಿನಲ್ಲಿ ಓಟು ಹಾಕಿದವರಲ್ಲಿ ಜಿಲ್ಲಾ ಪಂಚಾಯ್ತಿ, ತಾಲ್ಲೂಕು ಪಂಚಾಯ್ತಿ ಸದಸ್ಯರೇ ಇರಲಿಲ್ಲ. ಅವರ ಅವಧಿ 2021ರಲ್ಲೇ ಮುಗಿದಿತ್ತು. ಇವತ್ತಿನವರೆಗೂ ಆ ಚುನಾವಣೆ ನಡೆದಿಲ್ಲ. ಬಿಜೆಪಿ ಸರ್ಕಾರ ಹೋಗಿ ಕಾಂಗ್ರೆಸ್ ಸರ್ಕಾರ ಬಂದರೂ ನಡೆದಿಲ್ಲ. ಮೂರು ಹಂತದ ಪಂಚಾಯ್ತಿಯಲ್ಲಿ ಎರಡು ಹಂತ ಖಾಲಿ ಇಟ್ಟುಕೊಂಡೇ ‘ಸ್ಥಳೀಯ ಸಂಸ್ಥೆಗಳ ಪ್ರತಿನಿಧಿ’ಗಳನ್ನು ಆರಿಸಿದ್ದಾಯ್ತು.

ಈಗ ಆ ಹನ್ನೊಂದು ನಾಮಕರಣದ ಸೀಟಿಗೆ ಬರೋಣ. ಗಲಾಟೆ ಜಾಸ್ತಿ ಆಗೋದು ಇಲ್ಲೇ. ‘ಗಂಜಿ ಕೇಂದ್ರ’, ‘ಪುನರ್ವಸತಿ ಕೇಂದ್ರ’ ಅಂತ ಪೇಪರಿನವರು ಬರೆಯೋದೂ ಇದನ್ನು ನೋಡಿಯೇ. ನಮ್ಮ ಜಿಲ್ಲೆಯವರು ಈ ವಿಷಯದಲ್ಲಿ ಮಾತಾಡೋಕೆ ಎಲ್ಲರಿಗಿಂತ ಹೆಚ್ಚು ಅರ್ಹರು ಅಂತ ನನ್ನ ಅಭಿಪ್ರಾಯ. ಯಾಕಂದರೆ ಈ ಬಾಗಿಲಿನ ಎರಡೂ ಮುಖ ನಾವು ನೋಡಿದ್ದೀವಿ.

ಮಾಗಡಿ ತಾಲ್ಲೂಕಿನ ಮಂಚನಬೆಲೆಯಲ್ಲಿ 1954ರಲ್ಲಿ ಹುಟ್ಟಿದ ಕವಿ ಸಿದ್ಧಲಿಂಗಯ್ಯ. ಬಡ ದಲಿತ ಕುಟುಂಬ. ಆ ಬಾಲ್ಯ ಹೇಗಿತ್ತು ಅಂತ ‘ಊರುಕೇರಿ’ ಓದಿದವರಿಗೆ ಗೊತ್ತು. 1988ರಿಂದ 94, ಮತ್ತೆ 95ರಿಂದ 2001, ಎರಡು ಅವಧಿಗೆ ಅವರು ವಿಧಾನ ಪರಿಷತ್ತಿನಲ್ಲಿದ್ದರು. ಅಲ್ಲಿ ಆಡಿದ ಮಾತುಗಳು ‘ಸದನದಲ್ಲಿ ಸಿದ್ಧಲಿಂಗಯ್ಯ’ ಅಂತ ಎರಡು ಸಂಪುಟಗಳಾಗಿ ಬಂದಿವೆ. ಒಬ್ಬ ಶಾಸಕನ ಸದನದ ಭಾಷಣವನ್ನು ಜನ ದುಡ್ಡು ಕೊಟ್ಟು ತೆಗೆದುಕೊಂಡು ಓದುತ್ತಾರೆ ಅಂದರೆ ನೀವೇ ಲೆಕ್ಕ ಹಾಕಿ. ಆ ಮನುಷ್ಯ ಮಾಗಡಿಯಲ್ಲಿ ಎಲೆಕ್ಷನ್ನಿಗೆ ನಿಂತಿದ್ದರೆ ಗೆಲ್ಲುತ್ತಿದ್ದರಾ? ದುಡ್ಡೆಲ್ಲಿ, ಜಾತಿ ಲೆಕ್ಕವೆಲ್ಲಿ, ಕಾರ್ಯಕರ್ತರೆಲ್ಲಿ? ನಾಮಕರಣದ ಬಾಗಿಲು ಇರೋದೇ ಇಂಥವರಿಗೆ. ಜನರ ಹತ್ತಿರ ಓಟು ಕೇಳೋಕೆ ಬಾರದ, ಆದರೆ ಜನರ ಪರವಾಗಿ ಮಾತಾಡೋಕೆ ಬರೋ ಮನುಷ್ಯರಿಗೆ.

ಇನ್ನೊಂದು ಮುಖ 2020ರ ಜುಲೈನದು. ಆ ತಿಂಗಳು ಐದು ಜನರ ನಾಮಕರಣ ಆಯ್ತು. ಅದರಲ್ಲಿ ಶಾಂತಾರಾಮ ಸಿದ್ದಿಯವರಿದ್ದರು. ಉತ್ತರ ಕನ್ನಡದ ಸಿದ್ದಿ ಸಮುದಾಯದಿಂದ ಶಾಸನಸಭೆಗೆ ಹೋದ ಮೊದಲ ವ್ಯಕ್ತಿ. ಆ ಪುಟ್ಟ ಸಮುದಾಯದಿಂದ ಚುನಾವಣೆಯಲ್ಲಿ ಗೆದ್ದು ಬರೋದು ಎಷ್ಟು ಜನ್ಮದ ಮಾತೋ. ಅದೇ ಪಟ್ಟಿಯಲ್ಲಿ ಎಚ್. ವಿಶ್ವನಾಥ್ ಇದ್ದರು, ನಮ್ಮ ಚನ್ನಪಟ್ಟಣದ ಸಿ.ಪಿ. ಯೋಗೇಶ್ವರ್ ಇದ್ದರು. ವಿಶ್ವನಾಥ್ ಲೇಖಕರೂ ಹೌದು, ಆತ್ಮಕಥೆ ಬರೆದಿದ್ದಾರೆ. ಆದರೆ ಏಳು ತಿಂಗಳ ಹಿಂದೆ ಹುಣಸೂರಿನ ಉಪಚುನಾವಣೆಯಲ್ಲಿ ಸೋತಿದ್ದರು. ಯೋಗೇಶ್ವರ್ 2018ರಲ್ಲಿ ಚನ್ನಪಟ್ಟಣದಲ್ಲಿ ಕುಮಾರಸ್ವಾಮಿಯವರ ಎದುರು ಸೋತಿದ್ದರು. ನಾಮಕರಣವಾಗಿ ಆರು ತಿಂಗಳಿಗೆ ಮಂತ್ರಿಯಾದರು.

ವಿಶ್ವನಾಥ್ ಮಂತ್ರಿಯಾಗಲಿಲ್ಲ. ಪಕ್ಷಾಂತರಕ್ಕಾಗಿ ಅನರ್ಹರಾದವರು ಮತ್ತೆ ಮಂತ್ರಿಯಾಗಬೇಕಾದರೆ ಆರಿಸಿ ಬರಬೇಕು, ನಾಮಕರಣ ಅಂದರೆ ಆರಿಸಿ ಬಂದ ಹಾಗಲ್ಲ ಅಂತ 2020ರ ನವೆಂಬರಿನಲ್ಲಿ ಹೈಕೋರ್ಟು ಹೇಳಿತು. ಸುಪ್ರೀಂ ಕೋರ್ಟು ಅದನ್ನೇ ಎತ್ತಿ ಹಿಡಿಯಿತು. ಅಂದರೆ ಮುಂಬಾಗಿಲು ಹಿಂಬಾಗಿಲು ಎರಡೂ ಒಂದೇ ಅಲ್ಲ ಅಂತ ನ್ಯಾಯಾಲಯವೇ ಹೇಳಿದ ಹಾಗಾಯ್ತು.

ಯೋಗೇಶ್ವರ್ ವಿಷಯ ತೆಗೆದರೆ ನಮ್ಮಪ್ಪ ನನ್ನ ಮೇಲೆ ರೇಗ್ತಾರೆ. ‘ನಿಂಗೇನ್ ಗೊತ್ತವ್ವ? ಇಗ್ಗಲೂರು ಡ್ಯಾಮಿಂದ ನೀರು ತಂದು ಕೆರೆ ತುಂಬ್ಸಿದ್ದು ಯಾರು? ನಮ್ಮ ಬೋರಲ್ಲಿ ನೀರು ಬಂದದ್ದು ಯಾವಾಗ? ಅದು ಸಮಾಜಸೇವೆ ಅಲ್ವಾ?’ ಸರಿಯಾದ ಪ್ರಶ್ನೆ. ನಮ್ಮ ತಾಲ್ಲೂಕಿನಲ್ಲಿ ಅವರನ್ನು ಭಗೀರಥ ಅಂತ ಕರೆಯೋ ಜನ ಸುಮ್ಮನೆ ಕರೆಯೋದಿಲ್ಲ. ಒಣಗಿದ್ದ ಕೆರೆಗೆ ನೀರು ಬಂದರೆ ಹಿಪ್ಪುನೇರಳೆ ತೋಟಕ್ಕೆ ಜೀವ ಬಂದ ಹಾಗೆ.

ನಾನು ಅಪ್ಪನಿಗೆ ಹೇಳಿದ್ದು ಇಷ್ಟು. ‘ಅದಕ್ಕೆ ಜನ ಓಟು ಹಾಕ್ತಾರಪ್ಪ. ಕೆರೆ ತುಂಬಿಸಿದವರಿಗೆ ಓಟು ಕೇಳೋ ಶಕ್ತಿ ಇದೆ. ನಾಮಕರಣದ ಸೀಟು ಓಟು ಕೇಳೋಕೆ ಆಗದವರದ್ದು.’ ಆಮೇಲೆ ನಡೆದದ್ದೂ ಅದೇ ತಾನೆ. 2023ರಲ್ಲಿ ಮತ್ತೆ ಸೋತರು, 2024ರಲ್ಲಿ ಕುಮಾರಸ್ವಾಮಿ ಮಂಡ್ಯದಿಂದ ಲೋಕಸಭೆಗೆ ಹೋದರು, ಸೀಟು ಖಾಲಿಯಾಯ್ತು. ಅಕ್ಟೋಬರಿನಲ್ಲಿ ಯೋಗೇಶ್ವರ್ ಪರಿಷತ್ತಿನ ಸ್ಥಾನಕ್ಕೆ ರಾಜೀನಾಮೆ ಕೊಟ್ಟು, ಬಿಜೆಪಿ ಬಿಟ್ಟು, ಕಾಂಗ್ರೆಸ್ಸಿನಿಂದ ನಿಂತರು. ನವೆಂಬರಿನಲ್ಲಿ 25 ಸಾವಿರಕ್ಕೂ ಹೆಚ್ಚು ಓಟಿನಿಂದ ಗೆದ್ದರು. ಜನ ಬೇಕು ಅಂದಾಗ ಮುಂಬಾಗಿಲಿನಿಂದಲೇ ಕಳಿಸಿದರು. ಹಾಗಾದರೆ ನಡುವಿನ ನಾಲ್ಕು ವರ್ಷ ಆ ಸೀಟು ಕಾದು ಕೂರುವ ಬಸ್ ಸ್ಟ್ಯಾಂಡಾಗಿತ್ತು ಅಂತ ತಾನೆ ಅರ್ಥ? ಆ ನಾಲ್ಕು ವರ್ಷದಲ್ಲಿ ಇನ್ನೊಬ್ಬ ಸಿದ್ಧಲಿಂಗಯ್ಯ ಅಲ್ಲಿ ಕೂರಬಹುದಿತ್ತು. ಇದನ್ನು ಒಬ್ಬರ ಮೇಲಿನ ಸಿಟ್ಟಿನಿಂದ ಹೇಳ್ತಿಲ್ಲ. ಯಾವ ಪಕ್ಷದ ಸರ್ಕಾರ ಬಂದರೂ ಪಟ್ಟಿ ಹೊರಬೀಳೋ ಹಿಂದಿನ ರಾತ್ರಿ ನಡೆಯೋ ಓಡಾಟ ಒಂದೇ ಥರ.

ಅಪ್ಪ ಒಪ್ಪಲಿಲ್ಲ. ‘ಕವಿಗಳು ಕೆರೆ ತುಂಬ್ಸಲ್ಲ’ ಅಂದರು. ಆ ಮಾತಿಗೆ ನನ್ನ ಹತ್ತಿರ ಈಗಲೂ ಪೂರ್ತಿ ಉತ್ತರ ಇಲ್ಲ.

ಅಪ್ಪ ಕೇಳಿದ ಮೊದಲ ಪ್ರಶ್ನೆಗೆ ಬರ್ತೀನಿ. ಅಲ್ಲಿ ಮಾಡಿದ ಕಾನೂನು ನಮಗೆ ಬರುತ್ತಾ ಅಂತ. 2020ರಲ್ಲಿ ಬಂತು. ಕೃಷಿಕರಲ್ಲದವರು, ಬೇರೆ ಮೂಲದಿಂದ ವರ್ಷಕ್ಕೆ 25 ಲಕ್ಷಕ್ಕಿಂತ ಹೆಚ್ಚು ಆದಾಯ ಇರುವವರು ಬೇಸಾಯದ ಜಮೀನು ಕೊಳ್ಳದಂತೆ ತಡೆದಿದ್ದ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳನ್ನು ತೆಗೆದುಹಾಕಿದರು. ಬೆಂಗಳೂರಿಗೆ ಒಂದು ಗಂಟೆ ದಾರಿಯಲ್ಲಿರೋ ನಮ್ಮಂಥ ಜಿಲ್ಲೆಗೆ ಇದಕ್ಕಿಂತ ದೊಡ್ಡ ಕಾನೂನು ಇನ್ನೊಂದಿಲ್ಲ. ಒಳ್ಳೆಯದಾ ಕೆಟ್ಟದ್ದಾ ಅನ್ನೋದರಲ್ಲಿ ನಮ್ಮ ಮನೆಯಲ್ಲೇ ಜಗಳ. ‘ಕಷ್ಟಕ್ಕೆ ಮಾರೋವ್ನಿಗೆ ಒಳ್ಳೆ ರೇಟ್ ಬತ್ತದೆ’ ಅಂತ ಅಣ್ಣ. ‘ಮಾರಿದ ಮೇಲೆ?’ ಅಂತ ಅಪ್ಪ. ಪಕ್ಕದ ತೋಟಕ್ಕೆ ಈಗ ಕಾಂಪೌಂಡು ಎದ್ದಿದೆ, ಒಳಗೆ ಯಾರಿದ್ದಾರೋ ಊರಿನವರಿಗೆ ಗೊತ್ತಿಲ್ಲ.

ಎರಡನೇ ಸಲ ಯೋಚಿಸೋದಕ್ಕೆ ಅಂತ ಒಂದು ಮನೆ ಇದ್ದರೆ, ಅದು ಯೋಚಿಸಬೇಕಾದ್ದು ಇಂಥಾ ಕಾನೂನಿನ ಮೇಲೆ. ಆದರೆ ಆಗಿದ್ದೇನು? ಪರಿಷತ್ತು ಅದರ ಮುಖ ನೋಡುವ ಮೊದಲೇ, ಜುಲೈನಲ್ಲೇ, ಸುಗ್ರೀವಾಜ್ಞೆಯಾಗಿ ಜಾರಿಗೆ ಬಂದಿತ್ತು. ಸದನ ನಡೆಯದೇ ಇದ್ದಾಗ ತುರ್ತಿಗೆ ಅಂತ ಕೊಟ್ಟಿರೋ ಅಧಿಕಾರ ಅದು. ಪರಿಷತ್ತಿನಲ್ಲಿ ಪಾಸಾಗಿದ್ದು ಡಿಸೆಂಬರ್ 8ಕ್ಕೆ, ಜೆಡಿಎಸ್ ಬೆಂಬಲದಿಂದ. ಮದುವೆ ಮುಗಿಸಿ, ಮಗುವಿಗೆ ಹೆಸರಿಟ್ಟು, ಆಮೇಲೆ ಹಿರಿಯರ ಒಪ್ಪಿಗೆ ಕೇಳಿದ ಹಾಗೆ.

ಗೋಹತ್ಯೆ ನಿಷೇಧ ಮಸೂದೆಯೂ ಹಾಗೇ, ಪರಿಷತ್ತಿನಲ್ಲಿ ನಿಂತಾಗ 2021ರ ಜನವರಿಯಲ್ಲಿ ಸುಗ್ರೀವಾಜ್ಞೆ. ಮತಾಂತರದ ಮಸೂದೆ 2021ರ ಡಿಸೆಂಬರಿನಲ್ಲಿ ವಿಧಾನಸಭೆ ದಾಟಿ ಪರಿಷತ್ತಿನ ಬಾಗಿಲಲ್ಲಿ ನಿಂತಾಗ 2022ರ ಮೇನಲ್ಲಿ ಸುಗ್ರೀವಾಜ್ಞೆ. ಕಾಂಗ್ರೆಸ್ ಕಾಲದಲ್ಲಿ ಸುಗ್ರೀವಾಜ್ಞೆಯೂ ಬೇಕಾಗಲಿಲ್ಲ. 2024ರ ಫೆಬ್ರವರಿ 23ರಂದು ದೇವಸ್ಥಾನಗಳ ಹುಂಡಿ ಹಣದ ಮಸೂದೆಯನ್ನು ಪರಿಷತ್ತು ತಿರಸ್ಕರಿಸಿತು, ವಿಧಾನಸಭೆ ಮತ್ತೆ ಪಾಸು ಮಾಡಿ ಕಳಿಸಿತು, 29ಕ್ಕೆ ಪರಿಷತ್ತು ಒಪ್ಪಿತು. ಆರು ದಿನ. ಸಂವಿಧಾನ ಈ ಮನೆಗೆ ಕೊಟ್ಟಿರೋ ತಾಕತ್ತೇ ಅಷ್ಟು. ಸಾಮಾನ್ಯ ಮಸೂದೆಯನ್ನು ಹೆಚ್ಚೆಂದರೆ ಮೊದಲ ಸಲ ಮೂರು ತಿಂಗಳು, ಎರಡನೇ ಸಲ ಒಂದು ತಿಂಗಳು ತಡೆಯಬಹುದು. ಹಣದ ಮಸೂದೆಯನ್ನು 14 ದಿನ. ಕೊನೆಯ ಮಾತು ಯಾವಾಗಲೂ ಕೆಳಮನೆಯದೇ.

ಯೋಚಿಸೋ ಕೆಲಸ ಇಲ್ಲದ ಮನೆಯಲ್ಲಿ ಜಗಳ ಹುಟ್ಟುತ್ತೆ. 2020ರ ಡಿಸೆಂಬರ್ 15ರಂದು ನಡೆದದ್ದನ್ನು ಇಡೀ ರಾಜ್ಯ ಮೊಬೈಲಿನಲ್ಲಿ ನೋಡಿತು. ಸಭಾಪತಿ ಪ್ರತಾಪಚಂದ್ರ ಶೆಟ್ಟಿಯವರನ್ನು ಇಳಿಸುವ ಜಟಾಪಟಿಯಲ್ಲಿ ಉಪಸಭಾಪತಿ ಧರ್ಮೇಗೌಡರನ್ನು ಪೀಠದಲ್ಲಿ ಕೂರಿಸಿದರು ಒಂದು ಕಡೆಯವರು, ಪೀಠದಿಂದ ಎಳೆದು ಹೊರಗೆ ಹಾಕಿದರು ಇನ್ನೊಂದು ಕಡೆಯವರು. ಕೋವಿಡ್ಡಿನ ಕಾಲ. ನನ್ನ ಕ್ಲಾಸಿನ ಮಕ್ಕಳು ಪಾಠಕ್ಕೆ ಅಂತ ಹಿಡಿದಿದ್ದ ಮೊಬೈಲಿನಲ್ಲೇ ಅದನ್ನೂ ನೋಡಿದ್ದರು. ‘ಮಿಸ್, ಅವ್ರಿಗೂ ಗ್ಯಾಂಗ್ ಇದ್ಯಾ?’ ಅಂತ ಒಬ್ಬ ಹುಡುಗ ಕೇಳಿದ. ಎರಡು ವಾರ ಕಳೆಯಿತು. ಡಿಸೆಂಬರ್ 29ರ ಬೆಳಗ್ಗೆ ಧರ್ಮೇಗೌಡರು ಕಡೂರಿನ ಹತ್ತಿರ ರೈಲು ಹಳಿಯ ಮೇಲೆ ಶವವಾಗಿದ್ದರು ಅನ್ನೋ ಸುದ್ದಿ ಬಂತು. ಒಬ್ಬ ಮನುಷ್ಯನ ಸಾವಿಗೆ ಹೊರಗಿನ ನಾವು ಕಾರಣ ಹುಡುಕಬಾರದು. ಆದರೆ ಅವತ್ತಿನಿಂದ ‘ಹಿರಿಯರ ಮನೆ’ ಅನ್ನೋ ಮಾತನ್ನು ಪಾಠದಲ್ಲಿ ಓದಿಸುವಾಗ ನನ್ನ ಗಂಟಲು ಸ್ವಲ್ಪ ತಡೆಯುತ್ತೆ.

ಇಷ್ಟೆಲ್ಲಾ ಆದಮೇಲೂ ಮುಚ್ಚಿಬಿಡಿ ಅಂತ ಯಾಕೆ ಹೇಳಲ್ಲ ಅಂತ ನೀವು ಕೇಳಬಹುದು. ಮುಚ್ಚಿದವರಿದ್ದಾರೆ. ಪಶ್ಚಿಮ ಬಂಗಾಳ 1969ರಲ್ಲಿ, ಪಂಜಾಬ್ 1970ರಲ್ಲಿ, ತಮಿಳುನಾಡು ಎಂಜಿಆರ್ ಕಾಲದಲ್ಲಿ 1986ರಲ್ಲಿ ಮುಚ್ಚಿದವು. ಆಂಧ್ರದಲ್ಲಿ ಎನ್‌ಟಿಆರ್ 1985ರಲ್ಲಿ ಮುಚ್ಚಿಸಿದರು, 2007ರಲ್ಲಿ ವಾಪಸ್ ಬಂತು. ಮೂರು ರಾಜಧಾನಿಯ ಮಸೂದೆ ಅಲ್ಲಿ ಸಿಕ್ಕಿಹಾಕಿಕೊಂಡಾಗ ಜಗನ್ 2020ರ ಜನವರಿಯಲ್ಲಿ ಮತ್ತೆ ಮುಚ್ಚುವ ನಿರ್ಣಯ ಮಾಡಿದರು. ಮುಂದಿನ ವರ್ಷ ಪರಿಷತ್ತಿನಲ್ಲಿ ತಮ್ಮವರೇ ಹೆಚ್ಚಾಗುವ ಹೊತ್ತಿಗೆ ನಿರ್ಣಯ ವಾಪಸ್. ಮುಚ್ಚೋದು ತೆರೆಯೋದು ಎರಡೂ ಅಲ್ಲಿ ಯಾರ ಮೆಜಾರಿಟಿ ಅನ್ನೋದರ ಮೇಲೆ ನಡೆದಿದೆ, ಜನಕ್ಕೆ ಏನು ಬೇಕು ಅನ್ನೋದರ ಮೇಲಲ್ಲ.

ನಮ್ಮಲ್ಲಿ ಈ ಮನೆಗೆ ವಯಸ್ಸಾಗಿದೆ. ಮೈಸೂರು ಸಂಸ್ಥಾನದ ವಿಧಾನ ಪರಿಷತ್ತು ಶುರುವಾದದ್ದು 1907ರಲ್ಲಿ. ಅದಕ್ಕೂ ಹಿಂದೆ 1881ರಲ್ಲಿ ದಿವಾನ್ ರಂಗಾಚಾರ್ಲು ಕಾಲದ ಪ್ರಜಾಪ್ರತಿನಿಧಿ ಸಭೆ. 1950ರಲ್ಲಿ ಸಂವಿಧಾನ ಬಂದಾಗ ರಾಜಪ್ರಮುಖರಿದ್ದ ಹಳೆ ಸಂಸ್ಥಾನಗಳಲ್ಲಿ ಎರಡು ಮನೆ ಉಳಿದದ್ದು ಮೈಸೂರಿನಲ್ಲಿ ಮಾತ್ರ. ಆ ಎರಡೂ ಮನೆ ಕೂರೋಕೆ ವಿಧಾನಸೌಧ ಕಟ್ಟಿಸಿದ ಕೆಂಗಲ್ ಹನುಮಂತಯ್ಯನವರು ನಮ್ಮ ರಾಮನಗರದ ಲಕ್ಕಪ್ಪನಹಳ್ಳಿಯವರು. ಹಳೇದು ಅನ್ನೋ ಒಂದೇ ಕಾರಣಕ್ಕೆ ಉಳಿಸಿ ಅಂತ ಹೇಳೋದಿಲ್ಲ. ಉಳಿಸಿದರೆ ಉಪಯೋಗಕ್ಕೆ ಬರೋ ಹಾಗೆ ರಿಪೇರಿ ಮಾಡಿ ಅಂತೀನಿ.

ರಿಪೇರಿ ಕಷ್ಟ ಅಂತ ಹೇಳೋರಿಗೆ ಒಂದು ಮಾತು. ಪರಿಷತ್ತನ್ನು ಮುಚ್ಚಬೇಕಾದರೆ ವಿಧಾನಸಭೆಯಲ್ಲಿ ವಿಶೇಷ ಬಹುಮತದ ನಿರ್ಣಯ, ಆಮೇಲೆ ಸಂಸತ್ತು ಅಂತ ದೊಡ್ಡ ದಾರಿ. ಆದರೆ ಯಾರು ಯಾರನ್ನು ಆರಿಸಬೇಕು ಅನ್ನೋ ಲೆಕ್ಕ ಬದಲಾಯಿಸೋಕೆ ಸಂವಿಧಾನ ತಿದ್ದಬೇಕಾಗಿಲ್ಲ. 171ನೇ ವಿಧಿಯ ಎರಡನೇ ಭಾಗದಲ್ಲೇ ಇದೆ, ಸಂಸತ್ತು ಕಾನೂನು ಮಾಡಿ ಬೇರೆ ಏರ್ಪಾಡು ಮಾಡುವವರೆಗೆ ಮಾತ್ರ ಈ ಲೆಕ್ಕ ಅಂತ. ಅಂದರೆ ಬರೆದವರಿಗೇ ಗೊತ್ತಿತ್ತು, ಇದು ತಾತ್ಕಾಲಿಕ, ಕಾಲ ಬದಲಾದರೆ ಬದಲಾಯಿಸಿ ಅಂತ. ಎಪ್ಪತ್ತೈದು ವರ್ಷವಾಯ್ತು, ಆ ‘ವರೆಗೆ’ ಇನ್ನೂ ಮುಗಿದಿಲ್ಲ.

ಬೇರೆ ದೇಶದವರು ಸುಮ್ಮನೆ ಕೂತಿಲ್ಲ. ಇಂಗ್ಲೆಂಡಿನವರು 1999ರಲ್ಲಿ ತಮ್ಮ ಲಾರ್ಡ್ಸ್ ಸಭೆಯಿಂದ ವಂಶಪಾರಂಪರ್ಯದವರನ್ನು 92 ಜನ ಬಿಟ್ಟು ಉಳಿದವರೆಲ್ಲರನ್ನೂ ಮನೆಗೆ ಕಳಿಸಿದರು. ಕೆನಡಾದ ಸೆನೆಟ್ಟಿನ 105 ಮಂದಿಯೂ ನೇಮಕವಾದವರೇ. ಅಲ್ಲಿ 2016ರಿಂದ ಒಂದು ಸ್ವತಂತ್ರ ಸಲಹಾ ಮಂಡಳಿ ಇದೆ, ಯಾರು ಬೇಕಾದರೂ ಅರ್ಜಿ ಹಾಕಬಹುದು, ಮಂಡಳಿ ಹೆಸರು ಸೂಚಿಸುತ್ತೆ. ಪ್ರಧಾನಿಗಳು ಕೊನೆಗೆ ತಮಗೆ ಬೇಕಾದವರನ್ನೇ ಮಾಡಬಹುದು, ನಿಜ. ಆದರೂ ಒಂದು ಅರ್ಜಿ, ಒಂದು ಕಾರಣ, ಒಂದು ಕಾಗದ ಇರುತ್ತೆ.

ನಾನು ಕೇಳೋದೂ ಇಷ್ಟೇ. ಹನ್ನೊಂದು ಸೀಟಿಗೆ ಹೆಸರು ಕಳಿಸುವಾಗ, ಇವರು ಐದರಲ್ಲಿ ಯಾವ ಕ್ಷೇತ್ರದವರು, ಏನು ಮಾಡಿದ್ದಾರೆ ಅಂತ ಒಂದು ಪುಟ ಬರೆದು ಜನಕ್ಕೆ ತೋರಿಸಲಿ. ಹಿಂದಿನ ಐದು ವರ್ಷದಲ್ಲಿ ಎಲೆಕ್ಷನ್ನಿಗೆ ನಿಂತವರು ಆ ಸಾಲಿನಲ್ಲಿ ಬೇಡ. ಶಿಕ್ಷಕರ ಕ್ಷೇತ್ರ ಇರೋದಾದರೆ ಕಾಗುಣಿತ ಕಲಿಸುವವರೂ ಶಿಕ್ಷಕರೇ ಅಂತ ಬರೆಯಲಿ. ಪದವೀಧರರ ಸೀಟನ್ನು ರೈತರಿಗೋ, ಕೂಲಿಯವರಿಗೋ, ನಮ್ಮಪ್ಪನಂಥವರಿಗೋ ಹಂಚೋದಾದರೆ ನನ್ನ ನೇರಳೆ ಪೆನ್ನು ನಾನೇ ವಾಪಸ್ ಕೊಡ್ತೀನಿ. ಮುಖ್ಯವಾದದ್ದು, ಪರಿಷತ್ತಿನ ಎದುರು ಇರುವ ಮಸೂದೆಯನ್ನು ಸುಗ್ರೀವಾಜ್ಞೆ ಮಾಡಿ ಸುತ್ತುಬಳಸಿ ತರೋದು ನಿಲ್ಲಲಿ.

ಇವೆಲ್ಲ ದಿಲ್ಲಿಯ ಕೆಲಸ, ಆಗಲಿಕ್ಕೆ ನಾವಿರುತ್ತೇವೋ ಇಲ್ಲವೋ. ಆದರೆ ಒಂದು ಕೆಲಸ ಇಲ್ಲೇ ಆಗಬೇಕು, ಬೇಗ ಆಗಬೇಕು. ಸ್ಥಳೀಯ ಸಂಸ್ಥೆಗಳಿಂದ ಹೋದ 25 ಜನರ ಅವಧಿ ಮುಗಿಯೋದು 2028ರ ಜನವರಿಗೆ. ಜಿಲ್ಲಾ, ತಾಲ್ಲೂಕು ಪಂಚಾಯ್ತಿಗಳು ಈಗಾಗಲೇ ಖಾಲಿ. ಅತ್ತಿಗೆಯಂಥ ಗ್ರಾಮ ಪಂಚಾಯ್ತಿ ಮೆಂಬರುಗಳ ಅವಧಿಯೂ ಐದೇ ವರ್ಷ. ಅದರ ಎಲೆಕ್ಷನ್ನೂ ಹಿಂದೆ ಬಿದ್ದರೆ, ಆ 25 ಸೀಟಿಗೆ ಓಟು ಹಾಕೋರು ಯಾರು? ಮೇಲ್ಮನೆ ಇರಬೇಕೋ ಬೇಡವೋ ಅಂತ ವಾದ ಮಾಡುವಷ್ಟರಲ್ಲಿ ಕೆಳಗಿನ ಮೆಟ್ಟಿಲುಗಳನ್ನೇ ಯಾರೋ ಕಿತ್ತುಕೊಂಡು ಹೋಗಿರ್ತಾರೆ.

ಅತ್ತಿಗೆಯನ್ನು ಕೇಳಿದೆ, ಮತ್ತೆ ನಿಲ್ತೀಯಾ ಅಂತ. ‘ಎಲೆಕ್ಷನ್ ಮಾಡಿದ್ರೆ ತಾನೆ ನಿಲ್ಲೋದು’ ಅಂದಳು, ಸೊಪ್ಪು ಹೆಚ್ಚೋದು ನಿಲ್ಲಿಸದೆ. ಹುಳಗಳಿಗೆ ಹೊತ್ತಾಗಿತ್ತು.